ಬೇಯಿಸಿದ ಮಣ್ಣಿನ ಸಾಲು

ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದವಳೇ ಸಂಶೋಧಕಿ ಮೇಜಿನ ಮೇಲೆ ತಲೆಯಿಟ್ಟು ಅಳತೊಡಗಿದಳು. ಬಾಗಿಲಲ್ಲಿ ನೀರಿನ ಪೈಪು ಸುತ್ತುತ್ತಿದ್ದ ಹೆಂಗಸು ಅಲ್ಲೇ ನಿಂತುಬಿಟ್ಟಳು. ಗಾಜಿನ ಮನೆಯ ಗಿಡಗಳಿಗೆ ನೀರು ಹಾಕುವುದು ಅವಳ ಕೆಲಸ, ಎಲ್ಲರ ಬಾಯಲ್ಲೂ ಅವಳು ನೀರಕ್ಕ. ಈ ಹುಡುಗಿ ನಕ್ಕಿದ್ದನ್ನು, ರೇಗಿದ್ದನ್ನು, ನಿಂತಲ್ಲೇ ತೂಕಡಿಸಿದ್ದನ್ನು ಮೂರು ವರ್ಷದಿಂದ ನೋಡಿದ್ದಳು, ಅತ್ತಿದ್ದನ್ನು ನೋಡಿರಲಿಲ್ಲ.

“ಏನಾಯ್ತೇ ತಾಯಿ?”

“ಎಲ್ಲಾ ಹಾಳಾಯ್ತಕ್ಕಾ. ಬನ್ನಿ, ನೀವೇ ನೋಡಿ.”

ನೀರಕ್ಕ ಒದ್ದೆ ಕೈ ಒರೆಸಿಕೊಂಡು ಒಂದು ಕಣ್ಣು ಮುಚ್ಚಿ ನೋಡಿದಳು. ಈರುಳ್ಳಿ ಗಿಡದ ಬೇರಿನ ಚೂರು, ಅದರೊಳಗೆ ಬಣ್ಣ ಹಿಡಿದ ನೀಲಿ ಎಳೆಗಳು. ಅವಳಿಗೇನೋ ಚೆನ್ನಾಗಿಯೇ ಕಂಡಿತು.

“ಈ ಎಳೆ ಇದೆಯಲ್ಲ, ಇದು ಬೇರಿನ ಜೊತೆ ಬದುಕೋ ಬೂಷ್ಟು. ಬೇರಿಗೆ ಎಟುಕದ ಕಡೆಯಿಂದೆಲ್ಲ ಸಾರ ಹೀರಿ ಗಿಡಕ್ಕೆ ತಂದ್ಕೊಡುತ್ತೆ, ಗಿಡ ಇದಕ್ಕೆ ಸಕ್ಕರೆ ಕೊಡುತ್ತೆ. ಬಲಗಡೆ ಸಾಲಿನ ಕುಂಡಗಳಲ್ಲಿ ಇದು ಇರಬೇಕು. ಎಡಗಡೆ ಸಾಲಲ್ಲಿ ಇರಲೇಬಾರದು, ಅದಕ್ಕೇ ಆ ಮಣ್ಣನ್ನ ಆವಿಯಲ್ಲಿ ಬೇಯಿಸಿದ್ದು. ಇದಿಲ್ಲದೆ ಗಿಡ ಎಷ್ಟು ಸೊರಗುತ್ತೆ ಅಂತ ತೋರಿಸ್ಬೇಕಿತ್ತು. ಎರಡು ತಿಂಗಳು ಊರಲ್ಲಿರಲಿಲ್ಲ, ಬಂದು ನೋಡಿದ್ರೆ ಎರಡು ಸಾಲೂ ಒಂದೇ ಸಮ! ಈಗ ನೀವು ನೋಡಿದ ಬೇರು ಎಡಗಡೆ ಸಾಲಿಂದು. ಮಣ್ಣು ಬೇಯಿಸೋಕೂ ಬರಲ್ವಾ ನಿನಗೆ ಅಂದ್ರು ಪ್ರೊಫೆಸರ್. ನಿಜಾನೇ ಅಲ್ವಾ? ಇದು ನನ್ನ ಕೈಲಾಗೋ ಕೆಲಸ ಅಲ್ಲ ಅಕ್ಕಾ.” ಮೇಜಿನ ಮೇಲೆ ಒಂದು ಪತ್ರವಿತ್ತು. ಸಂಶೋಧನೆ ಬಿಡುತ್ತಿದ್ದೇನೆ ಎಂದು ಬರೆದಾಗಿತ್ತು, ಸಹಿ ಒಂದು ಬಾಕಿ.

ನೀರಕ್ಕ ಪತ್ರವನ್ನು ನೋಡಿದಳು, ಬಾಗಿಲನ್ನು ನೋಡಿದಳು. ಬಾಯಿ ಮುಚ್ಚಿಕೊಂಡು ಪೈಪು ಸುತ್ತಿಟ್ಟು ಮನೆಗೆ ಹೋಗಿದ್ದರೆ ಯಾವ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಹನ್ನೊಂದು ವರ್ಷದ ಕೆಲಸ ಅವಳದು, ಬೇಡವೆಂದರೆ ನಾಳೆಯೇ ಇನ್ನೊಬ್ಬಳು ಬರುತ್ತಾಳೆ. ಆದರೆ ಮಾಡದ ತಪ್ಪಿಗೆ ಈ ಹುಡುಗಿ ತಾನೇ ತಪ್ಪಿತಸ್ಥೆ ಅಂತ ಕೂತಿದ್ದಾಳಲ್ಲ! ನೀರಕ್ಕನಿಗೆ ತಡೆಯಲಾಗಲಿಲ್ಲ.

“ಮಣ್ಣು ನೀನು ಸರಿಯಾಗೇ ಬೇಯ್ಸಿದ್ದೆ ಕಣಮ್ಮಾ. ಹಾಳು ಮಾಡಿದೋಳು ನಾನು.”

ಸಂಶೋಧಕಿ ತಲೆಯೆತ್ತಿದಳು.

“ಬಲಗಡೆಯವು ಮೈ ತುಂಬ್ಕೊಂಡು ನಿಂತಿದ್ವು. ಎಡಗಡೆಯವು ಹಳದಿ ತಿರುಗಿ, ಕಡ್ಡಿ ಹಾಗೆ... ದಿನಾ ನೀರು ಹಾಕೋಳು ನಾನಲ್ವಾ? ಇದೆಂಥಾ ಮಲತಾಯಿ ಬುದ್ಧಿ ಅಂತ ನಿನ್ನನ್ನೇ ಬೈಕೊಂಡೆ. ಒಂದಿನ ಆ ಕಡೆ ಕುಂಡದಿಂದ ಒಂದು ಚಿಟಿಕೆ ಮಣ್ಣು ತಗೊಂಡು ಈ ಕಡೆಯ ತೀರಾ ಬಡಕಲು ಗಿಡದ ಬುಡಕ್ಕೆ ಹಾಕ್ದೆ.”

“ಒಂದಕ್ಕೇನಾ?”

“ಒಂದಕ್ಕೆ ಹಾಕಿ ಮಿಕ್ಕಿದ್ದಕ್ಕೆ ಬಿಟ್ರೆ ಅನ್ಯಾಯ ಆಗಲ್ವಾ? ಹದಿನಾರಕ್ಕೂ ಹಾಕ್ದೆ.”

ಸಂಶೋಧಕಿ ದಡಕ್ಕನೆ ಎದ್ದಳು, ಕುರ್ಚಿ ಹಿಂದಕ್ಕೆ ಬಿತ್ತು. “ಮೂರು ವರ್ಷ ಅಕ್ಕಾ! ಮೂರು ವರ್ಷ!” ಎಂದು ಕಿರುಚಿದವಳು ಕಿಟಕಿಯವರೆಗೆ ಹೋದಳು, ತಿರುಗಿ ಬಂದಳು. ನೀರಕ್ಕ ಬೈಗುಳಕ್ಕೆ ಕಾದು ನಿಂತಳು. ನಾಲ್ಕನೆಯ ಸಲ ಕಿಟಕಿಯ ಹತ್ತಿರ ಹೋದ ಹುಡುಗಿಯ ನಡಿಗೆ ನಿಧಾನವಾಯಿತು.

“ಬರೀ ಒಂದು ಚಿಟಿಕೆನಾ? ಗೊಬ್ಬರ ಏನೂ ಇಲ್ಲ?”

“ದೇವರಾಣೆ ಇಲ್ಲ.”

“ಎಷ್ಟು ದಿನಕ್ಕೆ ಚೇತರಿಸ್ಕೊಂಡ್ವು?”

“ನಾಲ್ಕು ವಾರಕ್ಕೆ ಹಸಿರಾದ್ವು. ಐದನೇ ವಾರ ನೋಡ್ಬೇಕಿತ್ತು ನೀನು, ಏನು ಜೋರು ಅಂತೀಯಾ!” ನೀರಕ್ಕನ ದನಿಯಲ್ಲಿ ಹೆಮ್ಮೆ ಇಣುಕಿತು, ಕೂಡಲೇ ನಾಲಿಗೆ ಕಚ್ಚಿಕೊಂಡಳು.

ಸಂಶೋಧಕಿ ಆ ಪತ್ರವನ್ನೇ ಮಗುಚಿ ಹಿಂಬದಿಯಲ್ಲಿ ಅಷ್ಟನ್ನೂ ಗೀಚಿಕೊಂಡಳು. ಆಮೇಲೆ ಮೂಗು ಒರೆಸಿಕೊಂಡು, ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದಳು. “ಪ್ರೊಫೆಸರಿಗೆ ನಾನು ಹೇಳ್ಕೋತೀನಿ, ನಿಮ್ಮ ಕೆಲಸಕ್ಕೇನೂ ಆಗಲ್ಲ. ನಾಳೆಯಿಂದ ಮತ್ತೆ ಹೊಸ ಮಣ್ಣು ಬೇಯ್ಸೋಣ, ಮತ್ತೆ ಎರಡು ಸಾಲು. ಆದ್ರೆ ಈ ಸಲ ಆ ಥರ ಮಾಡಲ್ಲ ಅಂತ ನನಗೆ ಮಾತು ಕೊಡಿ ಅಕ್ಕಾ.”

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ನೀರಕ್ಕ ಅನ್ನಲೆಂದೇ ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡು, ಸೊಂಟದಲ್ಲಿದ್ದ ಗಾಜಿನ ಮನೆಯ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟಳು.

“ಇದು ನಿನ್ನ ಹತ್ರಾನೇ ಇರ್ಲಿ ಮಗಾ. ಆ ಎಡಗಡೆ ಸಾಲಿಗೆ ಮಾತ್ರ ನೀನೇ ನೀರು ಹಾಕ್ಕೋ.”