ಮುಂದಿನ ಹಿಡಿ

ರಂಗಿ ಬೇರೊಬ್ಬ ಗಂಡಸಿಗೆ ಹಿಟ್ಟಿನ ಮುದ್ದೆ ಬಡಿಸುತ್ತಿದ್ದುದನ್ನು ಅವಳ ಗಂಡ ನಾಗ ಬೇಲಿಯ ಮರೆಯಲ್ಲಿ ನಿಂತು ನೋಡಿದ.

ಬಡಿಸಿದ್ದಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದನೋ ಏನೋ. ಅವಳು ನಗುತ್ತಿದ್ದಳು. ಮೂರು ವರ್ಷ ದಂಡಿನಲ್ಲಿ, ಬಸ್ರಾದ ಮರಳಿನಲ್ಲಿ ಬೆಂದವನು ನೆನೆನೆನೆದು ಜೀವ ಹಿಡಿದುಕೊಂಡಿದ್ದ ನಗು ಅದು.

ಆ ಬೆಳಿಗ್ಗೆಯಷ್ಟೇ ಅವನು ನೀಲಗಿರಿಯ ಕೆತ್ತಿ ಸ್ಟೇಷನ್ನಿನಲ್ಲಿ ರೈಲಿಳಿದಿದ್ದ. ಬರುವ ಸುದ್ದಿ ಯಾರಿಗೂ ಕೊಟ್ಟಿರಲಿಲ್ಲ. ಹೆಂಡತಿಯನ್ನು ಬೆರಗಾಗಿಸುವ ಆಸೆ. ಹಟ್ಟಿಗೆ ಬಂದರೆ ಮನೆಯ ಬಾಗಿಲು ಮುಚ್ಚಿತ್ತು. ಪಕ್ಕದ ಮನೆಯ ಮುದುಕಿ ಕೆಂಪಿ ಎದುರಾದಳು. ನಾಗ ತಲೆ ಬಾಗಿಸಿದ. ಅವಳು ನೆತ್ತಿ ಮುಟ್ಟಿ ಹರಸಿದಳು. ಹರಸಿದ ಬಾಯಲ್ಲೇ ಬೆಂಕಿಯನ್ನೂ ಹಚ್ಚಿದಳು.

“ರಂಗಿಯಾ? ಆಲೂಗಡ್ಡೆ ಹೊಲದ ಗುಡಿಸಲಲ್ಲಿ ನೋಡು. ಅಲ್ಲಿ ಒಬ್ಬ ಕುಂಟ ಬಂದು ಸೇರಿಕೊಂಡವನೆ. ಗುರುಸಿದ್ದಪ್ಪ ಅಂತೆ, ಮೈಸೂರು ಕಡೆಯವ. ತಿಂಗಳಾಯಿತು, ದಿನಾ ಇವಳದೇ ಊಟ. ಯಾಕೆ ಅಂದರೆ, ‘ಅವ ಬಂದ ಮೇಲೆ ಹೇಳುವೆ’ ಅಂತಾಳೆ. ಈಗ ಬಂದೆಯಲ್ಲ, ನೀನೇ ಕೇಳು.”

ಹೊಟ್ಟೆಕಿಚ್ಚು ನಾಗನಿಗೆ ಹೊಸದಲ್ಲ. ದಂಡಿನಲ್ಲಿ ಅವನದು ಗಾಯಾಳುಗಳನ್ನು ಹುಡುಕಿ ಹೊತ್ತು ತರುವ ಕೆಲಸ. ಗುಂಡಿನ ಸದ್ದು ತಗ್ಗಿದೊಡನೆ ಹೊರಡಬೇಕು, ನರಳುವ ದನಿಯ ಜಾಡು ಹಿಡಿದು ಹೋಗಬೇಕು, ಉಸಿರಿದ್ದವನನ್ನು ಸ್ಟ್ರೆಚರಿಗೆ ಹಾಕಿಕೊಂಡು ಓಡಬೇಕು. ಗಾಯಾಳುವಿನ ಕಾಲು ಮುಂದೆ, ತಲೆ ಹಿಂದೆ. ದಾರಿ ಹುಡುಕುವ ಕಣ್ಣು ಚುರುಕೆಂದು ನಾಗನಿಗೆ ಯಾವಾಗಲೂ ಮುಂದಿನ ಹಿಡಿ. ಹಿಂದಿನ ಹಿಡಿ ಮಸಿನಗುಡಿಯ ಭೀಮನದು.

ಗಾಯ ಕಟ್ಟುವವನು ಭೀಮ, ನೀರು ಕುಡಿಸುವವನು ಭೀಮ, ದಾರಿಯುದ್ದಕ್ಕೂ ಧೈರ್ಯ ಹೇಳುವವನೂ ಭೀಮ. ಬದುಕಿದವರು ಹಿಡಿದುಕೊಂಡು ಅಳುತ್ತಿದ್ದುದೂ ಅವನ ಕೈಯನ್ನೇ. ಸೆಕೆ ತಾಳಲಾರದೆ ಅಂಗಿ ಕಳಚಿ ಸೊಂಟಕ್ಕೆ ಬಿಗಿದು ಓಡುತ್ತಿದ್ದ ನಾಗನಿಗೆ ಸಿಕ್ಕಿದ್ದು ಎದುರಿನ ದಾರಿ, ಮೈಮೇಲಿನ ಬಿಸಿಲು. ಮಣ್ಣು ರಕ್ತ ಮೆತ್ತಿಕೊಂಡವರನ್ನು ಎತ್ತುವುದು, ಡೇರೆಯಲ್ಲಿ ಇಳಿಸುವುದು, ಮತ್ತೆ ಓಡುವುದು. ಒಬ್ಬನ ಮುಖವೂ ಅವನಿಗೆ ಗೊತ್ತಿಲ್ಲ. ಒಬ್ಬನೂ ಅವನ ಹೆಸರು ಕೇಳಲಿಲ್ಲ.

ಈಗ ಹೆಂಡತಿಯೂ ಬೇರೆಯವನ ಪಾಲೇ?

ಅವನ ಕೈ ತಾನಾಗಿ ಬಲಭುಜಕ್ಕೆ ಹೋಯಿತು. ಸಿಟ್ಟು ಬಂದಾಗ ಅಲ್ಲಿ ಕೆರೆದುಕೊಳ್ಳುವುದು ಚಿಕ್ಕಂದಿನ ಚಾಳಿ. ಎಮ್ಮೆಯ ಹಾಲು ಕರೆಯಲು ಕಲಿಯುವ ಹುಡುಗನ ಕೈ ಸೋಲಬಾರದೆಂದು, ಅವನ ಭುಜಕ್ಕೆ ಕಾದ ಕಡ್ಡಿಯಿಂದ ಚುಕ್ಕೆ ಸುಡುವುದು ಹಟ್ಟಿಯ ಪದ್ಧತಿ. ಉಳಿದ ಹುಡುಗರು ಹಲ್ಲು ಕಚ್ಚಿಕೊಂಡು ಕೂತಿದ್ದರು. ನಾಗ ಕೊಸರಿಕೊಂಡು ಓಡಿದ್ದ. ಕೊನೆಯ ಚುಕ್ಕೆ ಜಾರಿ ಸೊಟ್ಟ ಗೀರಾಗಿ ಉಳಿಯಿತು. ಇಡೀ ಹಟ್ಟಿ ಅದನ್ನು ಆಡಿಕೊಂಡು ನಕ್ಕಿತ್ತು. ನಗದಿದ್ದವಳು ರಂಗಿ ಒಬ್ಬಳೇ.

ಗುಡಿಸಲ ಮುಂದೆ ಕುಂಟ ಉಂಡು ಕೈ ತೊಳೆದ. ಅಂಗಿಯನ್ನು ಒಂದು ಭುಜದಿಂದ ಕೆಳಗೆ ಜಾರಿಸಿದ.

“ಇನ್ನೊಂದ್ಸಲ,” ಎಂದ.

“ದಿನಾ ಇದೇ ಆಯಿತಲ್ಲ ನಿಮಗೆ!” ರಂಗಿ ನಗುತ್ತಲೇ ಒಲೆಯಿಂದ ಆರಿದ ಕಡ್ಡಿಯೊಂದನ್ನು ಎಳೆದುಕೊಂಡು ಅವನ ಪಕ್ಕ ಕೂತಳು. ಅವಳ ಕೈ ಅವನ ಬರಿ ಭುಜದ ಮೇಲೆ ಆಡಿತು.

“ಇಲ್ಲೇನಾ?”

“ಇನ್ನೂ ಸ್ವಲ್ಪ ಕೆಳಗೆ.”

“ಅವರು ಬಂದ ದಿನವೇ ನಾನು ಹೊರಟೋಯ್ತೀನಿ,” ಎಂದು ಕುಂಟನೇ ಮುಂದುವರಿಸಿದ. “ ಆಮೇಲೆ ನನಗಿಲ್ಲೇನು ಕೆಲಸ?”

“ಅವ ಬರುವ ತನಕ ಇರಿ,” ಎಂದಳು ರಂಗಿ.

ನಾಗ ಬೇಲಿ ಮುರಿದುಕೊಂಡೇ ನುಗ್ಗಿದ. ರಂಗಿಯ ಕೈಯಿಂದ ಕಡ್ಡಿ ಬಿತ್ತು.

“ಬಂದೆಯಾ!” ಅವಳ ಮುಖ ಅರಳಿತು. ಎಂಥ ನಟನೆ, ಎಂದುಕೊಂಡ ನಾಗ.

“ಬರಬಾರದಿತ್ತು. ಅಲ್ಲೇ ಸತ್ತಿದ್ದರೆ ನಿನಗೆ ಚೆನ್ನಾಗಿತ್ತು.”

“ಏನು ಮಾತು ಇದು? ಇವರು ಯಾರು ಅಂತ ಮೊದಲು ಕೇಳು...”

“ಕೇಳಲಾರೆ. ಇವನ ಜೊತೆಗೇ ಇರು ನೀ. ನನಗೂ ನಿನಗೂ ತೀರಿತು.”

ಅವನು ತೊಟ್ಟಿದ್ದುದು ದಂಡಿಗೆ ಹೊರಡುವಾಗ ಅವಳು ಹೊಲಿಸಿಕೊಟ್ಟಿದ್ದ ಅಂಗಿ. ಮರಳುವ ದಿನಕ್ಕೆಂದೇ ಕಾದಿಟ್ಟಿದ್ದ. ಅದನ್ನು ಕಳಚಿ ಅವಳ ಕಾಲ ಬಳಿ ಎಸೆದ. ಬೆನ್ನು ತಿರುಗಿಸಿ ನಡೆದ. ರಂಗಿ ತಡೆಯಲಿಲ್ಲ. ಅದು ಅವನನ್ನು ಇನ್ನೂ ಸುಟ್ಟಿತು.

ಹಿಂದೆ ಏನೋ ಧೊಪ್ಪೆಂದು ಬಿತ್ತು.

“ಇವರೇ ತಾಯೀ! ಇದೇ ಗೀರು!” ಕುಂಟನ ದನಿ ಒಡೆದಿತ್ತು. “ಕಾಲು ಹೋದ ದಿನ ಸ್ಟ್ರೆಚರ್ ಮೇಲೆ ಮಲಗಿ ಇದನ್ನೇ ನೋಡ್ತಾ ಇದ್ದೆ. ಇದು ಮುಂದೆ ಹೋಯ್ತಾ ಇರೋ ತನಕ ನಾನು ಸಾಯಲ್ಲ ಅಂದ್ಕೊಂಡೆ. ಇಂಥ ಸುಟ್ಟ ಗುರುತು ನೀಲಗಿರಿಯವರದು ಅಂತ ಆಸ್ಪತ್ರೇಲಿ ಯಾರೋ ಅಂದ್ರು. ಊಟಿ ಸಂತೇಲಿ ಎಷ್ಟು ಜನರ ಭುಜ ಇಣುಕಿ ಬೈಸಿಕೊಂಡೆನೋ!”

“ಆ ಸಂತೆಯಲ್ಲೇ ನನಗೆ ಸಿಕ್ಕರು,” ಎಂದಳು ರಂಗಿ. “ಸೊಟ್ಟ ಗೀರು ಅಂದೊಡನೆ ನೀನೇ ಅಂತ ತಿಳಿಯಿತು. ಇವರಿಗೋ, ಜ್ವರದ ಕಣ್ಣಲ್ಲಿ ಕಂಡದ್ದು, ತಪ್ಪಿದ್ದರೆ ಏನು ಗತಿ ಅಂತ ದಿನಾ ಭುಜದ ಮೇಲೆ ಬರೆಸಿಕೊಂಡು ನೋಡುವರು. ಹಟ್ಟಿಯವರಿಗೆ ಹೇಳಿದ್ದರೆ ನಿನ್ನ ಗೀರಿಗೆ ಮತ್ತೆ ನಗುತ್ತಿದ್ದರು. ಅದಕ್ಕೇ ಬಾಯಿ ಬಿಡಲಿಲ್ಲ.”

ನಾಗ ತಿರುಗಿದ. ಕಂಕುಳ ಕೋಲು ಜಾರಿ ನೆಲಕ್ಕೆ ಬಿದ್ದಿದ್ದವನ ಭುಜದ ಮೇಲೆ ಇದ್ದಿಲಿನ ಮೂರು ಚುಕ್ಕೆ, ಪಕ್ಕದಲ್ಲೊಂದು ಸೊಟ್ಟ ಗೀರು.

ತಾನು ಹೊತ್ತು ತಂದವನೊಬ್ಬನ ಮುಖವನ್ನು ನಾಗ ಮೊದಲ ಸಲ ನೋಡಿದ.