ಹೆಸರು ಹಿಡಿದು ಕೂಗಿದ ಬಾಳೆ

ಬಾಳೆಗಿಡಗಳಿಗೆ ಮಾತು ಬಂದು ವರ್ಷಗಳೇ ಆಗಿದ್ದವು. ಬೆಳಗಾದರೆ ಅವು ತಮಗೆ ಬೇಕಾದವರನ್ನು ಹೆಸರು ಹಿಡಿದು ಕೂಗುವುದು ಓಣಿಗೆ ಹೊಸದಲ್ಲ. ನೀಲವ್ವನಿಗೆ ಹೊಟ್ಟೆ ಉರಿಯುತ್ತಿದ್ದುದು, ತಾನು ನೆಟ್ಟ ಗಿಡವೂ ಗೋಡೆಯಾಚೆಯ ವಾರಗಿತ್ತಿ ಗಂಗವ್ವನನ್ನೇ ಕೂಗುತ್ತಿತ್ತಲ್ಲ, ಅದಕ್ಕೆ.

"ಗಂಗವ್ವಾ, ನುಸಿ ಕಡೀತಾವ, ಬಾ," ಎಂದು ಗಿಡ ಅಂದೂ ನರಳಿತು.

"ದಿನಾ ಎಲಿ ಒರಸಾಕಿ ನಾನು, ಕರಿಯೂದು ಆಕೀನ್ನ," ಎಂದು ನೀಲವ್ವ ಸಿಡುಕಿದಳು.

ಗಂಗವ್ವ ಬೇವಿನೆಣ್ಣೆ ಬೆರೆಸಿದ ಸೋಪಿನ ನೀರು ಹಿಡಿದು ಬಂದು ಎಲೆ ಮಗುಚಿದಳು. ಅಡಿಯಲ್ಲೆಲ್ಲ ಜೇಡರ ಬಲೆಯಂಥ ಎಳೆ, ಅದರ ತುಂಬ ಕೆಂಪು ನುಸಿ.

"ಅಕ್ಕಾ, ನೀವು ಬಂದವರಿಗೆ ಕಾಣೂ ಮಗ್ಗಲಷ್ಟ ಒರಸ್ತೀರಿ. ಇವು ಇರೂದು ಕೆಳಗ."

ಗಿಡವನ್ನೆಲ್ಲ ತೊಳೆದು, ತೀರಾ ಹಾಳಾದ ಎಲೆಯೊಂದನ್ನು ಕೊಯ್ದು, "ಇದನ್ನ ಸುಟ್ಟುಬಿಡ್ರಿ," ಎಂದು ಹೇಳಿ ಅವಳು ಸಂತೆಗೆ ಹೋದಳು.

ನೀಲವ್ವ ಸುಡಲಿಲ್ಲ. ಗೋಡೆಯ ಮೇಲಿಂದ ಬಾಗಿ, ಆ ಎಲೆಯನ್ನು ಗಂಗವ್ವನ ಗಿಡಕ್ಕೆ ಚೆನ್ನಾಗಿ ತಿಕ್ಕಿದಳು. ಈ ಸಲ ಎಲೆಯ ಅಡಿಯನ್ನು ಮರೆಯಲಿಲ್ಲ.

ಮರುದಿನ ಬೆಳಗ್ಗೆ ಗಂಗವ್ವನ ಗಿಡ ಓಣಿಗೆಲ್ಲ ಕೇಳುವಂತೆ ಕೂಗಿತು:

"ನೀಲವ್ವಾ, ನೀ ತಿಕ್ಕಿದ ನುಸಿ ಕಡೀತಾವ, ಬಾ."

ಬಾಳೆಯೊಂದು ತನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅರೆಗಳಿಗೆ ನೀಲವ್ವನ ಎದೆ ಹಿಗ್ಗಿತು. ಅಷ್ಟರಲ್ಲಿ ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು.