ಕಾರವಾರಕ್ಕೆ ಇಬ್ಬರು

ಕಥೆಯಲ್ಲಿ ಬರೆದ ಪಾತ್ರ ಮರುದಿನ ಬೆಳಿಗ್ಗೆ ಬರೆದವರ ಮನೆಗೆ ಬಂದು, ಕಥೆ ಮುಗಿಯುವವರೆಗೆ ಅಲ್ಲೇ ಇರುವುದು ಧಾರವಾಡದಲ್ಲಿ ಯಾರಿಗೂ ಹೊಸದಲ್ಲ. ಕಾದಂಬರಿಕಾರ್ತಿ ವಿಮಲಾಬಾಯಿ ಕುಬಸದ ಅವರ ಅಡುಗೆಮನೆಯಲ್ಲಿ ಅವರ ನಾಯಕಿ ತುಂಗವ್ವ ಹನ್ನೊಂದು ವರ್ಷದಿಂದ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವಳನ್ನು ಕಳಿಸಲು ಮನಸ್ಸಾಗದೆ ವಿಮಲಾಬಾಯಿ ಕೊನೆಯ ಪುಟ ಬರೆದೇ ಇರಲಿಲ್ಲ.

ಒಂದು ಬೆಳಿಗ್ಗೆ, ಹೊಸದಾಗಿ ಬರೆಯತೊಡಗಿದ್ದ ನಜ್ಮಾ ತನ್ನ ಮೊದಲ ಕಥೆಯ ಮುದಿ ಪೋಸ್ಟ್‌ಮ್ಯಾನ್ ಭೀಮಪ್ಪನನ್ನು ಕರೆದುಕೊಂಡು ಸಲಹೆ ಕೇಳಲು ಬಂದಳು.

“ಕಥಿ ಕೊನೀಗೆ ಇವರು ಸಾಯಬೇಕ್ರಿ. ಆದ್ರ ದಿನಾ ಮುಂಜಾನೆ ನನಗ ಚಾ ಮಾಡಿ ಕೊಡ್ತಾರ. ಹೆಂಗ ಬರೀಲಿ?”

“ಅವರನ್ನ ಕೇಳಿದಿ ಏನು?” ಎಂದರು ವಿಮಲಾಬಾಯಿ. “ಬರಿಯೂದರಾಗ ಅರ್ಧ ಕೇಳೂದ ಇರತೈತಿ, ತಂಗಿ.”

ಭೀಮಪ್ಪ ಗಂಟಲು ಸರಿಮಾಡಿಕೊಂಡ. “ಊರವರ ಪತ್ರ ಹಂಚಿ ಹಂಚಿ ಮುದುಕ ಆದ್ನಿ. ಒಮ್ಮೆ ಸಮುದ್ರ ನೋಡಬೇಕ್ರಿ.”

ನಜ್ಮಾ ಅಲ್ಲೇ ಕೂತು, ಅವನನ್ನು ಕಾರವಾರದ ಬಸ್ಸು ಹತ್ತಿಸಿ ಕಥೆ ಮುಗಿಸಿದಳು. ಭೀಮಪ್ಪ ಖುಷಿಯಿಂದ ಚಪ್ಪಲಿ ಮೆಟ್ಟಿದ. ತುಂಗವ್ವ ಕೈಕೆಲಸ ಬಿಟ್ಟು ಅವನನ್ನೇ ನೋಡುತ್ತಿದ್ದಳು.

ವಿಮಲಾಬಾಯಿಗೆ ತಾವು ಹೇಳಿದ ಮಾತು ತಮಗೇ ತಾಗಿತು. ಇಷ್ಟು ವರ್ಷದಲ್ಲಿ ಅವರು ತುಂಗವ್ವನನ್ನು ಒಮ್ಮೆಯೂ ಕೇಳಿರಲಿಲ್ಲ.

“ನಿನಗೂ ಹೋಗಬೇಕು ಅನಸ್ತೈತೇನು?”

“ಹೂಂ ಅಕ್ಕಾರ. ನಾನೂ ಸಮುದ್ರ ನೋಡಿಲ್ಲ.”

ವಿಮಲಾಬಾಯಿ ಹಳೆಯ ಹಸ್ತಪ್ರತಿ ತೆಗೆದು ಕೊನೆಯ ಪುಟ ಬರೆದರು. ಕಣ್ಣು ಒದ್ದೆಯಾಗಿತ್ತು, ಆದರೂ ನಗು ತಡೆಯಲಾಗಲಿಲ್ಲ.

ಮಾತಾಡುತ್ತ ಹೊರಟ ಆ ಇಬ್ಬರೂ ಬೀದಿಯ ತಿರುವು ದಾಟುವವರೆಗೆ ನೋಡಿ, ವಿಮಲಾಬಾಯಿ ನಜ್ಮಾಳ ಕಡೆ ತಿರುಗಿದರು.

“ನಾಳೆ ಮುಂಜಾನೆ ನಮ್ಮಿಬ್ಬರ ಮನಿನೂ ಖಾಲಿ ಇರತಾವು. ಬಾ, ಇವತ್ತ ಏನರೆ ಬರಿಯೂಣು.”